ಲೈನಿಂಗ್ ಇಲ್ಲದ ಈಜುಡುಗೆ

ಮಾರ್ಚ್ ೧೨, ಬುಧವಾರ

ಆ ತಿಳಿ ಗುಲಾಬಿ ಈಜುಡುಗೆಯ ಯೋಚನೆ ತಲೆಯಿಂದ ಹೋಗುದೇ ಇಲ್ಲ. ಆನ್‌ಲೈನಿನಲ್ಲಿ ತರಿಸಿ ಮನೆಯಲ್ಲಿ ಹಾಕಿ ನೋಡಿದಾಗ ಸರಿಯಾಗಿಯೇ ಇತ್ತು. ಇವತ್ತು ಪುತ್ತೂರಿನ ಈಜುಕೊಳದಲ್ಲಿ ಮುಳುಗಿ ಎದ್ದರೆ ಬಟ್ಟೆ ಮೈಗಂಟಿ ಒಳಗಿನದೆಲ್ಲ ಕಾಣುತ್ತಿತ್ತು. ಎಡಗಡೆ ಎದೆ ತೆಗೆದ ಜಾಗದ ಉದ್ದ ಗಾಯದ ಗುರುತು ಕೂಡ.

ಹೆಂಗಸರದ್ದೇ ಬ್ಯಾಚು. ಆದರೂ ಕೈ ಅಡ್ಡ ಹಿಡಿದು ಮೆಟ್ಟಿಲಲ್ಲಿ ಕೂತುಬಿಟ್ಟೆ. ದಿನಾ ನರಿಮೊಗರಿನಿಂದ ಈಜಲು ಬರುವ ದಮಯಂತಿಯಕ್ಕ ತಮ್ಮ ಮೈ ಒರೆಸುವ ಬೈರಾಸು ತಂದು ಹೊದೆಸಿದರು.

"ಇದಕ್ಕೆ ಲೈನಿಂಗೇ ಇಲ್ಲ ಮಾರಾಯ್ತಿ. ಒಳಗಿನಿಂದ ಕಪ್ಪು ಬಟ್ಟೆ ಕೊಟ್ಟು ಹೊಲಿ" ಅಂದರು. ಮತ್ತೆ ಪಕ್ಕದಲ್ಲೇ ಕೂತು, "ಆಪರೇಷನ್ ಯಾವಾಗ ಆದದ್ದು? ಈಗಲೂ ನೋವುಂಟಾ?" ಅಂತ ಕೇಳಿದರು.

ಇಷ್ಟು ದಿನ ಯಾರೂ ಹೀಗೆ ನೇರ ಕೇಳಿರಲಿಲ್ಲ. ನೆಂಟರು "ಈಗ ಹುಷಾರಲ್ವಾ" ಅಂತ ಕಾಫಿ ಕುಡಿದು ಹೋಗುದು. ಮನೆಯಲ್ಲಿ ಇವರು ನನ್ನ ಮಗ್ಗುಲಲ್ಲೇ ಮಲಗುವವರು, ಆ ಮಾತೇ ಎತ್ತುದಿಲ್ಲ. ದಮಯಂತಿಯಕ್ಕನಿಗೆ ಎಲ್ಲ ಹೇಳಿದೆ. ಕೈ ಎತ್ತಿದರೆ ಎಳೆಯುವುದು, ಕನ್ನಡಿ ನೋಡದೆ ಸೀರೆ ಉಡುವುದು, ಎಲ್ಲ.

ಸಂಜೆ ಹಳೆ ಕಪ್ಪು ಲೆಗ್ಗಿಂಗ್ಸ್ ಕತ್ತರಿಸಿ ಲೈನಿಂಗ್ ಹೊಲಿಯುತ್ತಿದ್ದೆ. ಇವರು ಬಂದು "ಎಂತ ಹೊಲಿಯುದು?" ಅಂದರು. ನಡೆದದ್ದನ್ನು ಹೇಳಿದೆ. ಇವರು ಪಕ್ಕದಲ್ಲಿ ಬಂದು ಕೂತರು.

"ನಾನು ಆ ಗಾಯವನ್ನು ಇಷ್ಟರವರೆಗೆ ಸರಿಯಾಗಿ ನೋಡಲೇ ಇಲ್ಲ. ನಿನಗೆ ಬೇಜಾರಾದೀತು ಅಂತ."

ಅವರಿಗೆ ಬೇಜಾರಾದೀತು ಅಂತಲೇ ನಾನು ಮುಚ್ಚಿಟ್ಟದ್ದು. ನಾವಿಬ್ಬರೂ ಎಂಥ ಜನ.

ಇವರಿಗೆ ಇನ್ನೂ ನಿದ್ದೆ ಬಂದಿಲ್ಲ. ಬರೆದದ್ದು ಸಾಕು. ಇವತ್ತು ತೋರಿಸುತ್ತೇನೆ.