ಸೀದ ತಳದ ಪಾಲು

ಭಾನುವಾರ, ಜೂನ್ ೮

ಪ್ರೀತಿಯ ಅಕ್ಕನಿಗೆ,

ತಂಗಿಯ ನಮಸ್ಕಾರ. ನಿನ್ನ ಕಾಗದ ಬಂದು ತಿಂಗಳ ಮೇಲಾಯಿತು, ಬೈಯಬೇಡ. “ಹೊಸ ಮನೆ ಒಗ್ಗಿತಾ?” ಅಂತ ಕೇಳಿದ್ದೆಯಲ್ಲ, ಅದಕ್ಕೆ ಏನು ಬರೆಯುವುದೋ ತಿಳಿಯದೆ ಸುಮ್ಮನಿದ್ದೆ.

ಇವರು ಒಳ್ಳೆಯವರೇ. ಬಸ್ ಡಿಪೋದಿಂದ ಕೈಗೆಲ್ಲ ಗ್ರೀಸ್ ಮೆತ್ತಿಕೊಂಡು ಬರುತ್ತಾರೆ, ಹಾಕಿದ್ದನ್ನು ಉಣ್ಣುತ್ತಾರೆ. ಮಗಳಿಗೆ ಹದಿಮೂರು, ತಾಯಿ ತೀರಿಹೋಗಿ ಎರಡು ವರ್ಷ. ನನ್ನನ್ನು ಚಿಕ್ಕಮ್ಮ ಅಂತಲೂ ಕರೆಯುವುದಿಲ್ಲ. “ಇಲ್ನೋಡಿ” ಅನ್ನುತ್ತಾಳೆ, ಅಂಗಡಿಯವರನ್ನು ಕರೆದ ಹಾಗೆ.

ನಿನ್ನೆ ಸಂಜೆ ಅಕ್ಕಿ ಬೇಳೆ ಒಟ್ಟಿಗೆ ಒಲೆ ಮೇಲಿಟ್ಟು, “ಸ್ವಲ್ಪ ನೋಡ್ಕೊಳ್ಳಮ್ಮ” ಅಂತ ಅವಳಿಗೆ ಹೇಳಿ, ಒಣಗಿದ ಬಟ್ಟೆ ತರಲು ಮಾಳಿಗೆಗೆ ಹೋದೆ. ಇಳಿಯುವಷ್ಟರಲ್ಲಿ ಸೀದ ವಾಸನೆ ಮೆಟ್ಟಿಲಿಗೇ ಬಂದಿತ್ತು. “ಚೆಲ್ಲಿಬಿಡು, ಬ್ರೆಡ್ ತರ್ತೀನಿ” ಅಂದರು ಇವರು. ನಾನು ಬಿಡುತ್ತೇನಾ? ಮೊದಲ ಸಲ ಅವಳಿಗೊಂದು ಕೆಲಸ ವಹಿಸಿದ್ದೆ. ಅದನ್ನು ಕಸದ ಬುಟ್ಟಿಗೆ ಸುರಿದರೆ ಹುಡುಗಿಗೆ ಹೇಗಾಗಬೇಡ? ನಮ್ಮಮ್ಮನ ಉಪಾಯ ನೆನಪಿದೆಯಲ್ಲ, ಪಾತ್ರೆಯನ್ನು ತಣ್ಣೀರಿನಲ್ಲಿಟ್ಟು, ಸೌಟು ತಳಕ್ಕೆ ತಾಗಿಸದೆ ಮೇಲಿನದನ್ನಷ್ಟೇ ತೆಗೆಯುವುದು. ಹಾಗೇ ಮಾಡಿದೆ. ಅವರಿಬ್ಬರಿಗೂ ಬಡಿಸಿ, ಕರಿ ತಳ ಕೆರೆದು ನನ್ನ ತಟ್ಟೆಗೆ ಹಾಕಿಕೊಂಡೆ. “ನಂಗೆ ಇದೇ ಇಷ್ಟ” ಅಂತ ಸುಳ್ಳೂ ಹೇಳಿದೆ.

ಅವಳು ಎದ್ದು ಬಂದು ತಟ್ಟೆ ಕಿತ್ತುಕೊಂಡಳು. “ಅದು ನಮ್ಮಮ್ಮನ ಮಾತು! ನೀವು ಹೇಳ್ಬೇಡಿ!”

ತಟ್ಟೆಯ ಸಮೇತ ಹೊರಗೆ ಹೋದಳು. ಇವರು ತಲೆ ಎತ್ತಲಿಲ್ಲ. ಆಮೇಲೆ ಮೆಲ್ಲಗೆ, “ಇವಳಮ್ಮಾನೂ ಯಾವಾಗ್ಲೂ ತಳಾನೇ ತಿನ್ನೋಳು. ಇದೇ ಇಷ್ಟ ಅಂತಿದ್ಲು” ಅಂದರು. ಈ ಮಹಾರಾಯರು ಮೊದಲೇ ಹೇಳಬಾರದಿತ್ತೇ?

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ಭಾವನಿಗೆ ನಮಸ್ಕಾರ. ನಿನ್ನ ಪುಟ್ಟನಿಗೆ ಆಶೀರ್ವಾದ, ಹೊಟ್ಟೆ ತುಂಬ ಉಂಡು ಬೆಳೆಯಲಿ.

ನಿನ್ನ
ಬಾಯಿಬಡುಕಿ

ತಾ.ಕ.: ಇವರಿಗೂ ಹೇಳದ್ದು ಒಂದಿದೆ. ನಾನು ಇಳಿದು ಬಂದಾಗ ಅವಳು ಒಲೆಯ ಮುಂದೆಯೇ ನಿಂತಿದ್ದಳು, ಹೊಗೆ ಏಳುತ್ತಿದ್ದರೂ ಉರಿ ಆರಿಸದೆ. ನನ್ನ ಮೇಲಿನ ಸಿಟ್ಟು ಅಂದುಕೊಂಡು, ಕಂಡೂ ಕಾಣದ ಹಾಗಿದ್ದೆ. ಊಟವಾದ ಮೇಲೆ ನೋಡಿದರೆ ಹಿಂಬಾಗಿಲ ಮೆಟ್ಟಿಲ ಮೇಲೆ ಕೂತು, ಅಳುತ್ತಾ, ಆ ಕರಿ ತಳವನ್ನು ಒಂದಗುಳೂ ಬಿಡದೆ ತಿನ್ನುತ್ತಿದ್ದಾಳೆ. ಸೀಯಲು ಬಿಟ್ಟದ್ದು ಅದಕ್ಕೇ. ಪಕ್ಕದಲ್ಲಿ ಹೋಗಿ ಕೂತೆ. ತಟ್ಟೆಯನ್ನು ಆಚೆ ಸರಿಸಿಕೊಂಡಳು. ಈ ಮನೆಯಲ್ಲಿ ಸೀದ ಅನ್ನದಲ್ಲೂ ನನಗೆ ಪಾಲಿಲ್ಲ, ಅಕ್ಕಾ.