ಅಪ್ಪನ ಸಮುದ್ರಕ್ಕೆ ಅಭಿಷೇಕದ ಹಾಲು

ಬಿಶಾನ್, ಸಿಂಗಪುರ, ಜುಲೈ 2007

ಅಪ್ಪಾ,

ಇಲ್ಲ, ನಿಮ್ಮ ಮೀನಿನ ಟ್ಯಾಂಕ್ ನಾನು ಹಾಳು ಮಾಡಿಲ್ಲ. "ಸ್ಕೂಲೇ ಅರ್ಧಕ್ಕೆ ಬಿಟ್ಟೋನು ಟ್ಯಾಂಕ್ ನೋಡ್ಕೋತೀಯಾ?" ಅಂತ ನೀವು ಅನ್ನೋದು ಇಲ್ಲಿಗೇ ಕೇಳಿಸುತ್ತೆ. ನೀವು ಮನೆ ಬಿಟ್ಟು ಹೋಗಿ ಹದಿನಾಲ್ಕು ತಿಂಗಳಾಯ್ತು. ಪ್ರತಿ ಭಾನುವಾರ ಉಪ್ಪುನೀರು ಕಲಸಿ, ಅಳತೆ ನೋಡಿ ಬದಲಾಯಿಸಿದ್ದು ನಾನೇ. ನಿಮ್ಮ ಹವಳ ಎರಡು ಬೆರಳು ಬೆಳೆದಿತ್ತು.

ಇವತ್ತು ಬೆಳಿಗ್ಗೆ ಎದ್ದು ನೋಡಿದ್ರೆ ಟ್ಯಾಂಕ್ ಪೂರ್ತಿ ಬೆಳ್ಳಗೆ. ಊರಿಂದ ಬಂದಿರೋ ಗುರುಸಿದ್ದವ್ವಜ್ಜಿ ಲಿಂಗಕ್ಕೆ ಅಭಿಷೇಕ ಮಾಡಿದ ಹಾಲು, ವಿಭೂತಿ ನೀರು ಎಲ್ಲಾ ಅದಕ್ಕೇ ಸುರಿದಿದ್ದಾಳೆ.

"ಏನ್ ಮಾಡ್ಬಿಟ್ಟೆ ಅಜ್ಜಿ! ಮೀನು ಸಾಯ್ತವೆ!" ಅಂತ ಕೂಗಿದೆ.

"ಅಭಿಷೇಕದ ನೀರು ಕಾಲಾಗ ತುಳೀಬಾರದೋ. ಒಂಬತ್ತನೇ ಮಾಳಿಗ್ಯಾಗ ಗಿಡದ ಬುಡ ಎಲ್ಲಿಂದ ತರ್ಲಿ? ನಿಮ್ಮಪ್ಪ ಬರ್ಲಿ ಅಂತ ಮಾಡಿದ ಪೂಜಿ, ಅವನ ಸಮುದ್ರಕ್ಕ ಹಾಕೀನಿ."

ಮಧ್ಯಾಹ್ನದವರೆಗೆ ಬಕೆಟ್ ಹೊತ್ತು ಅರ್ಧ ನೀರು ತೆಗೆದೆ. ಹವಳ ಮುದುಡಿದೆ. ಕಿತ್ತಳೆ ಮೀನು ಒಂದು ಸತ್ತಿದೆ, ಇನ್ನೊಂದು ಮೂಲೆಯಲ್ಲಿ ಬಾಯಿ ಬಿಡ್ತಾ ಇದೆ. ಟ್ಯಾಂಕಿನ ಉಪ್ಪು ಖಾಲಿ. ನಂಗೂ ಸಾಕಾಗಿದೆ.

ಅಜ್ಜಿ ನಾಳೆಯೂ ಪೂಜೆ ಮಾಡ್ತಾಳಂತೆ. ನೀವು ಬರಲ್ಲ ಅಂತ ಅವಳಿಗೆ ನಾನು ಹೇಳಲ್ಲ. ನೀವೇ ಹೇಳಿ ಅನ್ನೋಕೆ ನಿಮ್ಮ ಅಡ್ರೆಸ್ಸೂ ನನ್ನ ಹತ್ರ ಇಲ್ಲ.

ಅಂಗಡಿ ಮುಚ್ಚೋ ಮುಂಚೆ ಉಪ್ಪು ತರಬೇಕು, ಹೊರಟೆ. ಬಾಗಿಲು ಸದ್ದಾದ್ರೆ ಸಾಕು, ಅಜ್ಜಿ ಒಳಗಿಂದ "ರಾಚಯ್ಯಾ, ಬಂದೇನಪಾ?" ಅಂತ ನಿಮ್ಮನ್ನ ಕರೀತಾಳೆ. ಗೊತ್ತಿದ್ದೂ ದಢಾರ್ ಅಂತ ಹಾಕ್ಕೊಂಡೇ ಹೋಗ್ತೀನಿ.