ದ್ರೌಪದಿಯ ಒಳಕುಪ್ಪಸ

ರಾಯದುರ್ಗ

ಅಪ್ಪನಿಗೆ,

ತೀರ್ಥರೂಪು ಎಂದು ಬರೆಯಲು ಹೋದೆ, ಕೈ ಏಳಲಿಲ್ಲ. ಇಷ್ಟಕ್ಕೇ ತೃಪ್ತಿಪಟ್ಟುಕೋ.

ನೀನು ಕೇಳಿದ ಒಳಕುಪ್ಪಸ ಹೊಲಿದಾಯಿತು. ಈ ಕಾಗದದ ಜೊತೆಯಲ್ಲೇ ಮಡಿಸಿ ಇಟ್ಟಿದ್ದೇನೆ. ನಾನು ಹೇಳುವ ತನಕ ಅದನ್ನು ಬಿಚ್ಚಿ ನೋಡಬೇಡ. ಆಯಸ್ಸೆಲ್ಲ ಸ್ಟೇಜಿನ ಮೇಲೆ ನಿಂತು ಊರಿಗೆ ಮಾತು ಕೇಳಿಸಿದವನು ನೀನು. ಈಗೊಂದು ಸಲ ಸುಮ್ಮನೆ ಕೂತು ಕೇಳು.

ಮೊನ್ನೆ ಫೋನಿನಲ್ಲಿ ನಿನ್ನ ಸಡಗರವೇ ಸಡಗರ. ಮಡಕಶಿರದಲ್ಲಿ ಹಳೆಯ ಕಲಾವಿದರಿಗೆ ಸನ್ಮಾನವಂತೆ, ಶಾಲಂತೆ, ಹಾರವಂತೆ. ಈ ವಯಸ್ಸಿನಲ್ಲೂ ನೀನು ದ್ರೌಪದಿಯಾಗಿ ಸಭೆಯ ಸೀನೊಂದನ್ನು ಮಾಡಿ ತೋರಿಸಬೇಕಂತೆ. "ಆ ಹಳೇ ಕಾಲದ್ದೇ ಬೇಕು ಕಣವ್ವ, ಬೆನ್ನಾಗೆ ಕಟ್ಟೋದು. ನಿಮ್ಮವ್ವನ ಅಳ್ತೆಗೇ ಹೊಲಿ, ನಂಗೆ ಅದೇ ಕೂರೋದು" ಎಂದೆ. ಅವ್ವ ಹೋದ ಮೇಲೆ ನಿನ್ನ ಬಾಯಲ್ಲಿ ಅವಳ ಸುದ್ದಿ ಬಂದದ್ದು ಅದೇ ಮೊದಲು. ಅದೂ ಅವಳ ಎದೆಯ ಅಳತೆಗಾಗಿ.

ನಾನು ಈ ಕಸುಬು ಹಿಡಿದಾಗ ನೀನು ಏನೆಂದೆ, ನೆನಪಿದೆಯಾ? ರಾಯದುರ್ಗದಲ್ಲಿ ಮನೆಮನೆಯಲ್ಲೂ ಜೀನ್ಸ್ ಪ್ಯಾಂಟು ಹೊಲಿಯುತ್ತಾರೆ, ನನ್ನ ಮಗಳೊಬ್ಬಳು ಊರವರ ಒಳಬಟ್ಟೆ ಹೊಲಿಯುತ್ತಾಳೆ, ಮಾನ ಹೋಯಿತು ಎಂದು ಬೀಗರ ಮುಂದೆ ತಲೆ ಚಚ್ಚಿಕೊಂಡೆ. ಈಗ ನಾಟಕದವರು, ನಾಟ್ಯದವರು, ಬೆಂಗಳೂರಿನ ಹುಡುಗಿಯರು ಕೂಡ ಅಜ್ಜಿಯರ ಕಾಲದ ಗಂಟು ಕಟ್ಟುವ ಕುಪ್ಪಸ, ನೆರಿಗೆಯ ಒಳಲಂಗ ಬೇಕೆಂದು ನನ್ನ ನಂಬರು ಹುಡುಕಿಕೊಂಡು ಬರುತ್ತಾರೆ. ನನ್ನ ಹೊಲಿಗೆಯಿಂದ ಯಾರ ಮಾನವೂ ಹೋಗಿಲ್ಲ. ಮಾನ ಹೋದದ್ದು ನಿನ್ನ ಬಾಯಿಂದ.

ಈ ಹೊಲಿಗೆ ಕಲಿಸಿದವಳು ಅವ್ವ. ನಿಮ್ಮ ನಾಟಕದ ಮೇಷ್ಟ್ರು ಹೇಮಾವತಿ ಊರಿನ ಗುಡಿಯ ಕಲ್ಲಿನ ಹೆಂಗಸರನ್ನು ತೋರಿಸಿ, ರಾಣಿಯ ಎದೆಕಟ್ಟು ಹೀಗಿರಬೇಕು ಎಂದರಂತೆ. ನಾನು ಆಮೇಲೆ ಹೋಗಿ ನೋಡಿದೆ. ಆ ಹೆಂಗಸರಲ್ಲಿ ಅರ್ಧಕ್ಕರ್ಧ ಜನ ಮೇಲೆ ಬಟ್ಟೆಯನ್ನೇ ಹಾಕಿಲ್ಲ. ಆದರೆ ನೀನು ಮನೆಗೆ ಬಂದು ಅವ್ವನ ಜೀವ ತಿಂದೆ. ಅವಳು ಹಳೆಯ ಪಂಚೆ ಕತ್ತರಿಸಿ, ಹತ್ತಿ ತುಂಬಿ ಹೊಲಿದದ್ದನ್ನು ಸರಿಯಿಲ್ಲ ಎಂದು ಬಿಚ್ಚಿಸಿದೆ, ಮತ್ತೆ ಬಿಚ್ಚಿಸಿದೆ. ಕೊನೆಗೆ ಬಾಗಿಲು ಹಾಕಿ, ಬಟ್ಟೆಯನ್ನು ಅವಳ ಮೈಮೇಲೇ ಇಟ್ಟು ಗುರುತು ಹಾಕಿದೆ. ಗಂಡನ ಮುಂದೆ ತಾನೇ ಎಂದು ಅವಳು ನಿಂತಳು.

ಅದು ನಿನಗೆ ಹೇಳಿ ಮಾಡಿಸಿದ ಹಾಗೆ ಒಪ್ಪಿತು. ದುಶ್ಶಾಸನ ನಿನ್ನ ಸೆರಗಿಗೆ ಕೈ ಹಾಕಿದರೆ ಹೆಂಗಸರೆಲ್ಲ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ನಾನೂ ಅತ್ತಿದ್ದೇನೆ. ಮಾರನೆಯ ದಿನ ಟೀ ಅಂಗಡಿಯಲ್ಲಿ ನಾನು ನಿನ್ನ ಪಕ್ಕದಲ್ಲೇ ಬನ್ನು ತಿನ್ನುತ್ತಾ ಕೂತಿದ್ದೆ. ಯಾರೋ ಕೇಳಿದರು, ಇಷ್ಟು ಚೆಂದದ ಎದೆ ಎಲ್ಲಿ ಸಿಕ್ಕಿತೋ ಪಾಲಯ್ಯ ಎಂದು. ನೀನು ಲೋಟ ಕೆಳಗಿಟ್ಟು "ಅಳ್ತೆ ನಮ್ಮನೇದೇ ಕಣ್ರಯ್ಯ" ಎಂದೆ. ಅಂಗಡಿಯೆಲ್ಲ ನಕ್ಕಿತು. ನೀನೂ ನಕ್ಕೆ.

ಅಂದಿನಿಂದ ಅವ್ವ ನೀರಿಗೆ ಹೋದರೆ ಸಾಕು, ದ್ರೌಪದಿ ಬಂದಳು ನೋಡ್ರೋ ಎನ್ನುವರು. ಸ್ಟೇಜಿನ ಮೇಲೆ ನಿನ್ನನ್ನು ನೋಡಿ, ತಿರುಗಿ ಹೆಂಗಸರ ಸಾಲಿನಲ್ಲಿ ಅವಳನ್ನು ನೋಡುವರು. ಅವಳು ನಿನ್ನ ಹಳೆಯ ಅಂಗಿಯೊಂದನ್ನು ಸೀರೆಯ ಮೇಲೆ ಹಾಕಿ, ಕತ್ತಿನವರೆಗೆ ಗುಂಡಿ ಬಿಗಿದಳು. ಹೊಲಕ್ಕೆ ಹೋಗುವಾಗ ಎಲ್ಲ ಹೆಂಗಸರೂ ಹಾಗೆ ಹಾಕುತ್ತಾರೆ, ಮನೆಗೆ ಬಂದು ತೆಗೆಯುತ್ತಾರೆ. ಅವ್ವ ತೆಗೆಯಲಿಲ್ಲ. ನನ್ನ ಮದುವೆಯ ಧಾರೆಗೂ ರೇಷ್ಮೆ ಸೀರೆಯ ಮೇಲೆ ಅದೇ ಅಂಗಿ. ನೀನು ಬೀಗರಿಗೆ ಕೇಳಿಸುವ ಹಾಗೆ ಹುಚ್ಚುಮುಂಡೆ ಎಂದೆ. ಊರಿಗೆ ಉಪಕಾರಿ ಮನೆಗೆ ಮಾರಿ ಎಂಬ ಗಾದೆ ನಿನ್ನನ್ನು ನೋಡಿಯೇ ಹುಟ್ಟಿರಬೇಕು.

ಎಡಗಡೆ ಎದೆಯಲ್ಲಿ ಗಡ್ಡೆ ಎದ್ದಾಗ ಅವಳು ಯಾರಿಗೂ ಹೇಳಲಿಲ್ಲ. ನನಗೆ ಗೊತ್ತಾದದ್ದು ವಾಸನೆಯಿಂದ. ನಾನೇ ಹಿಂದೂಪುರದ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಡಾಕ್ಟರಮ್ಮ ಹೆಂಗಸೇ, ಕೈ ಹಿಡಿದು ಬೇಡಿಕೊಂಡರು. ಅವ್ವ ಅಂಗಿಯ ಗುಂಡಿಯನ್ನು ಮುಷ್ಟಿಯಲ್ಲಿ ಹಿಡಿದು ಬಿಡಲೇ ಇಲ್ಲ. ನನ್ನ ಕಡೆ ತಿರುಗಿ ತನ್ನ ತವರಿನ ಮಾತಿನಲ್ಲಿ ಹೇಳಿದಳು: "ಊರೆಲ್ಲಾ ನೋಡ್ಯಾರ. ಇನ್ನ ಈಕಿಗೊಬ್ಬಾಕಿಗೆ ಯಾಕ ತೋರಿಸ್ಲಿ?" ಹಾಗೇ ವಾಪಸು ಬಂದೆವು. ಮುಂದೆ ನೋವು ತಡೆಯಲಾರದೆ ಒಪ್ಪಿಕೊಂಡ ಹೊತ್ತಿಗೆ ಅದು ಎಲುಬಿಗೆ ಇಳಿದಿತ್ತು.

ಕೊನೆಯ ದಿನಗಳಲ್ಲಿ ನನ್ನ ಮನೆಯಲ್ಲಿದ್ದಳು. ಬಾರಪ್ಪ ಎಂದರೆ ನಿನಗೆ ಪ್ರಾಕ್ಟೀಸು. ಅವಳಿಗೆ ಯಾವ ಬಟ್ಟೆಯೂ ಮೈಗೆ ತಾಕುವಂತಿರಲಿಲ್ಲ. ಆ ಹಳೆಯ ಕಾಲದ್ದೇ ಒಂದು ಹೊಲಿದುಕೊಡು ಎಂದಳು. ಅಳತೆಗಾಗಿ ನನ್ನೆದುರು ಗುಂಡಿ ಬಿಚ್ಚಿದಳು. ಎಡಗಡೆ ಒಳಕ್ಕೆ ಸೇದಿಕೊಂಡು ಕಲ್ಲಾಗಿತ್ತು, ಮೇಲೆ ಹುಣ್ಣು. ಅಲ್ಲಿ ಹೊಲಿಗೆ ಒತ್ತದ ಹಾಗೆ ಮೆತ್ತನೆಯ ಹಳೇ ಬಟ್ಟೆ ಮಡಿಸಿ ಇಟ್ಟೆ. ಬೆನ್ನಿಗೆ ಕೈ ಹೋಗುತ್ತಿರಲಿಲ್ಲ, ಅದಕ್ಕೆ ಗಂಟನ್ನು ಪಕ್ಕಕ್ಕೆ ತಂದೆ. ತೊಡಿಸಿದಾಗ ಸವರಿ ನೋಡಿಕೊಂಡು "ಚೆಂದ ಕುಂತೈತಿ" ಎಂದಳು. ಅದರಲ್ಲೇ ಅವಳನ್ನು ಮಣ್ಣು ಮಾಡಿದ್ದು. ನೀನು ದೂರದಲ್ಲಿ ನಿಂತಿದ್ದೆ, ನೋಡಿರಲಾರೆ.

ಅವ್ವನ ಅಳತೆಯೇ ಬೇಕೆಂದೆಯಲ್ಲ, ನನ್ನ ಹತ್ತಿರ ಇರುವುದು ಆ ಅಳತೆಯೊಂದೇ. ಈಗ ಬಿಚ್ಚಿ ನೋಡು. ಬಲಗಡೆ ಒಳ್ಳೆಯ ಹತ್ತಿ ತುಂಬಿದ್ದೇನೆ, ಕೆಲಸದಲ್ಲಿ ಏನೂ ಕಡಿಮೆ ಮಾಡಿಲ್ಲ. ಎಡಗಡೆ ತುಂಬಿಲ್ಲ, ಮಡಿಸಿದ ಬಟ್ಟೆ ಇದೆ. ಗಂಟು ಪಕ್ಕಕ್ಕಿದೆ.

ತೊಟ್ಟುಕೊಂಡು ಹೋಗು. ಸೆರಗು ಎಳೆಯುವವನು ಎಳೆಯಲಿ. ನಾನೂ ಬಸ್ಸು ಹತ್ತಿ ಬಂದು ಹೆಂಗಸರ ಮೊದಲ ಸಾಲಿನಲ್ಲಿ ಕೂರುತ್ತೇನೆ. ಇದೇನೋ ಪಾಲಯ್ಯ, ಒಂದು ಕಡೆ ಹೀಗಿದೆ ಎಂದು ಯಾರಾದರೂ ಕೇಳಿದರೆ ತಲೆ ತಗ್ಗಿಸಬೇಡ. ಅಂದು ನಗುತ್ತಾ ಹೇಳಿದ್ದನ್ನೇ ಹೇಳು. ಅಳತೆ ನಮ್ಮನೆಯದೇ ಎನ್ನು.

ದೇವರು ನಿನಗೆ ಗಟ್ಟಿ ಆಯಸ್ಸು ಕೊಡಲಿ. ಮರೆವು ಮಾತ್ರ ಕೊಡದಿರಲಿ.

ಇಂತಿ,
ಉಜ್ಜಿನಮ್ಮನ ಮಗಳು
ವಾಣಿಶ್ರೀ